ಲಾವೊಕೂನ್
ಎಲ್ ಗ್ರೆಕೊ, ಸುಮಾರು 1610–1614. ಕ್ಯಾನ್ವಾಸ್ ಮೇಲೆ ತೈಲವರ್ಣ

ಗ್ರೀಕರ ಮರದ ಕುದುರೆಯನ್ನು ನಂಬಬೇಡಿ ಎಂದು ಟ್ರಾಯ್ ಜನರಿಗೆ ಎಚ್ಚರಿಕೆ ಹೇಳಿದ ಪುರೋಹಿತ ಲಾವೊಕೂನ್. ಮುನಿದ ದೇವತೆಗಳು ಹಾವುಗಳನ್ನು ಕಳಿಸಿದರು. ನೆಲಕ್ಕುರುಳಿದ ಅವನು ಹಾವಿನ ಹೆಡೆಯನ್ನು ಮುಖದಿಂದಾಚೆ ತಳ್ಳುತ್ತಿದ್ದಾನೆ. ಎಡಗಡೆ ನಿಂತ ಮಗನ ಹಿಡಿತದಲ್ಲಿ ಇನ್ನೊಂದು ಹಾವು ಬಿಲ್ಲಿನಂತೆ ಬಾಗಿದೆ.

ಹಿನ್ನೆಲೆಯ ಊರು ಮಾತ್ರ ಟ್ರಾಯ್ ಅಲ್ಲ, ಸ್ಪೇನಿನ ಟೊಲೆಡೊ. ಕ್ರೀಟ್ ದ್ವೀಪದಲ್ಲಿ ಹುಟ್ಟಿ, ಐಕಾನ್ ಚಿತ್ರಪರಂಪರೆಯಲ್ಲಿ ಪಳಗಿ, ವೆನಿಸ್, ರೋಮ್‌ಗಳಲ್ಲಿದ್ದು ಬಂದ ಕಲಾವಿದ 1577ರಿಂದ ಕೊನೆಯವರೆಗೂ ಬಾಳಿದ್ದು ಇಲ್ಲೇ. ಪುರಾಣಕಥೆಯನ್ನು ಕುರಿತು ಅವನು ಬರೆದ ಚಿತ್ರಗಳಲ್ಲಿ ಉಳಿದಿರುವುದು ಇದೊಂದೇ.

ನಡುವಿನಲ್ಲಿ, ಬೆಟ್ಟದ ಬುಡದ ಪುಟ್ಟ ಕುದುರೆಯನ್ನು ಗಮನಿಸಿ. ಹೆಸರಿಗೆ ಮರದ್ದು, ಜೀವಂತ ಕುದುರೆಯಂತೆಯೇ ಕಾಲೆತ್ತಿ ನಗರದ ಹೆಬ್ಬಾಗಿಲತ್ತ ಹೊರಟಿದೆ.

ಬಲ ಅಂಚಿನ ಆಕೃತಿಗಳು ಪೂರ್ಣಗೊಂಡಿಲ್ಲ. ಕಲಾವಿದ 1614ರಲ್ಲಿ ತೀರಿಕೊಂಡ.