ಮುಖ ಕಾಣದ ದನಿ, ಮಲೆನಾಡಿನ ಜಗಲಿ

ಕಳಸದಿಂದ ಹೊರನಾಡಿಗೆ ಹೋಗುವ ದಾರಿಯಲ್ಲಿ ಭದ್ರಾ ನದಿಗೆ ಅಡ್ಡಲಾಗಿ ಹೆಬ್ಬಾಳೆ ಸೇತುವೆ ಇದೆ. ಮಳೆಗಾಲದಲ್ಲಿ ಹೊಳೆ ಉಕ್ಕಿದಾಗಲೆಲ್ಲ ತಗ್ಗಿನಲ್ಲಿರುವ ಈ ಸೇತುವೆ ಮುಳುಗುತ್ತದೆ, ನೇರ ದಾರಿ ಕಡಿಯುತ್ತದೆ. 2024ರ ಜುಲೈನ ಒಂದು ಸಂಜೆ ಈ ಲೇಖಕ ಹೊರನಾಡಿನ ಹೋಟೆಲೊಂದರಲ್ಲಿ ಮಳೆ ಬಿಡುವುದನ್ನು ಕಾಯುತ್ತಾ ಕುಳಿತಿದ್ದ. ಪಕ್ಕದ ಮೇಜಿನ ಇಬ್ಬರು ಕಾಲೇಜು ಹುಡುಗರು ಮೊಬೈಲ್ ಫೋನಿನಲ್ಲಿ ಮುಳುಗಿದ್ದರು. ಪರದೆಯ ಮೇಲೆ ನೀಲಿ ಕೂದಲಿನ, ದೊಡ್ಡ ಕಣ್ಣಿನ ಚಿತ್ರದ ಹುಡುಗಿಯೊಬ್ಬಳು ನಗುತ್ತಾ ಮಾತನಾಡುತ್ತಿದ್ದಳು. ಪಕ್ಕದಲ್ಲಿ ನೋಡುಗರ ಬರಹ ಸಾಲುಸಾಲಾಗಿ ಓಡುತ್ತಿತ್ತು.

‘ಎಂಥದು ಮಾರಾಯ ಅದು, ಕಾರ್ಟೂನಾ?’ ಎಂದು ಗಲ್ಲೆಯ ಹಿಂದಿನಿಂದ ಯಜಮಾನರು ಕೇಳಿದರು.

‘ಅಲ್ಲ ಭಟ್ರೇ, ಒಳಗೆ ನಿಜವಾದ ಮನುಷ್ಯರೇ ಇದ್ದಾರೆ. ಈಗಲೇ ಮಾತಾಡ್ತಾ ಇರೋದು. ಮುಖ ಮಾತ್ರ ಅವರದ್ದಲ್ಲ.’

‘ಹಾಗಾದ್ರೆ ವೇಷ ಅಂತ ಹೇಳು.’

ಯಜಮಾನರ ಆ ಒಂದು ಮಾತು ವಿಷಯದ ಬೇರಿಗೇ ಕೈಹಾಕಿತ್ತು.

ಜಪಾನಿನ ಹೊಸ ವೇಷ

2016ರ ಕೊನೆಯಲ್ಲಿ ಜಪಾನಿನಿಂದ ‘ಕಿಜುನಾ ಐ’ ಎಂಬ ಚಿತ್ರದ ಹುಡುಗಿ ಯೂಟ್ಯೂಬಿನಲ್ಲಿ ಮಾತನಾಡತೊಡಗಿದಳು. ತನ್ನನ್ನು ‘ವರ್ಚುವಲ್ ಯೂಟ್ಯೂಬರ್’ ಎಂದು ಕರೆದುಕೊಂಡಳು. ಇದರ ತಂತ್ರ ಕೇಳಿದಷ್ಟು ಕಠಿಣವಲ್ಲ. ಕಲಾವಿದರ ಎದುರಿನ ಕ್ಯಾಮೆರಾ ಅವರ ಕಣ್ಣು, ಬಾಯಿ, ತಲೆಯ ಚಲನೆಯನ್ನು ಗಮನಿಸುತ್ತದೆ. ಕಂಪ್ಯೂಟರ್ ಆ ಚಲನೆಯನ್ನು ಬರೆದ ಚಿತ್ರಕ್ಕೆ ದಾಟಿಸುತ್ತದೆ. ಇವರು ನಕ್ಕರೆ ಚಿತ್ರ ನಗುತ್ತದೆ. ದನಿ ಮನುಷ್ಯರದ್ದು, ರೂಪ ಮಾತ್ರ ಬರೆದದ್ದು. ಕೆಲವೇ ವರ್ಷಗಳಲ್ಲಿ ಹೊಲೊಲೈವ್, ನಿಜಿಸಾಂಜಿ ಮೊದಲಾದ ಸಂಸ್ಥೆಗಳು ಇಂಥ ಪಾತ್ರಗಳ ದೊಡ್ಡ ಬಳಗಗಳನ್ನೇ ಕಟ್ಟಿದವು. ನಿಜಿಸಾಂಜಿ ಭಾರತದಲ್ಲೂ ಒಂದು ಶಾಖೆ ತೆರೆಯಿತು. ಅದು 2021ರಲ್ಲಿ ಮುಚ್ಚಿತು.

ಅಭಿಮಾನಿಗಳ ಕೂಟಗಳು ಇದಕ್ಕಿಂತ ಸ್ವಾರಸ್ಯಕರ. ಜಪಾನಿ ಭಾಷೆ ಬಲ್ಲವರು ಬಾರದವರಿಗಾಗಿ ಅನುವಾದ ಮಾಡುತ್ತಾರೆ. ಗಂಟೆಗಟ್ಟಲೆ ನಡೆದ ಮಾತಿನಿಂದ ಸ್ವಾರಸ್ಯದ ತುಣುಕುಗಳನ್ನು ಕತ್ತರಿಸಿ ಹಂಚುತ್ತಾರೆ. ಹಾಗೆ ಕೂಡಿದವರು ಹಾಡು, ಆಟದ ವಿಷಯಕ್ಕೆ ನಿಲ್ಲುವುದಿಲ್ಲ. ಚುನಾವಣೆ, ಯುದ್ಧ, ಬೆಲೆ ಏರಿಕೆ ಎಲ್ಲವೂ ಅಲ್ಲಿ ಚರ್ಚೆಯಾಗುತ್ತವೆ.

ಈ ಸಲಿಗೆ ಒಮ್ಮೆ ಬೆಂಕಿಯನ್ನೂ ಹಚ್ಚಿತು. 2020ರ ಸೆಪ್ಟೆಂಬರಿನಲ್ಲಿ ಹೊಲೊಲೈವ್‌ನ ಕಿರ್ಯೂ ಕೊಕೊ ಮತ್ತು ಅಕಾಯ್ ಹಾತೊ ಎಂಬ ಇಬ್ಬರು ಪಾತ್ರಧಾರಿಗಳು ತಮ್ಮ ನೋಡುಗರು ಯಾವ ಯಾವ ಕಡೆಯವರು ಎಂಬ ಪಟ್ಟಿಯನ್ನು ಓದುವಾಗ ತೈವಾನಿನ ಹೆಸರನ್ನೂ ಹೇಳಿದರು. ತೈವಾನ್ ತನ್ನದೆನ್ನುವ ಚೀನಾದ ಅಭಿಮಾನಿಗಳು ಕೆರಳಿದರು. ಸಂಸ್ಥೆ ಇಬ್ಬರನ್ನೂ ಮೂರು ವಾರ ಅಮಾನತಿನಲ್ಲಿರಿಸಿತು. ಅದರ ಚೀನಾ ಶಾಖೆಯೂ ಹೆಚ್ಚು ಕಾಲ ಉಳಿಯಲಿಲ್ಲ. ಕೊಕೊ ಎಂಬ ಪಾತ್ರ 2021ರ ಜುಲೈನಲ್ಲಿ ತೆರೆಮರೆಗೆ ಸರಿಯಿತು. ಬರೆದ ಮುಖಕ್ಕೂ ಲೋಕದ ರಾಜಕೀಯದಿಂದ ಬಿಡುಗಡೆಯಿಲ್ಲ ಎಂಬುದಕ್ಕೆ ಇದಕ್ಕಿಂತ ಬೇರೆ ಉದಾಹರಣೆ ಬೇಕಿಲ್ಲ.

ಈರಣ್ಣನ ಕೇಳುಗರು

ಮುಖ ಕಾಣದ ದನಿಗೆ ಮನಸೋಲುವುದು ನಮಗೇನೂ ಹೊಸತಲ್ಲ. 1955ರಲ್ಲಿ ಬೆಂಗಳೂರು ಆಕಾಶವಾಣಿ, 1965ರಲ್ಲಿ ಭದ್ರಾವತಿ, 1976ರಲ್ಲಿ ಮಂಗಳೂರು ಕೇಂದ್ರ ಆರಂಭವಾದವು. ಮಳೆಗಾಲದಲ್ಲಿ ಹೊರಗೆ ಕಾಲಿಡಲಾಗದ ಕಾಫಿ ಸೀಮೆಯಲ್ಲಿ ಟ್ರಾನ್ಸಿಸ್ಟರ್ ಮನೆಯ ಸದಸ್ಯನಂತಿತ್ತು. ಪ್ರದೇಶ ಸಮಾಚಾರ ಮುಗಿದ ಮೇಲೆ ಅದರ ಮೇಲಿನ ಚರ್ಚೆ ಜಗಲಿಯಲ್ಲಿ ಶುರುವಾಗುತ್ತಿತ್ತು.

ಬೆಂಗಳೂರು ಆಕಾಶವಾಣಿಯ ‘ಈರಣ್ಣ’ನನ್ನು ಹಿರಿಯ ಓದುಗರು ಮರೆತಿರಲಾರರು. ದಿನನಿತ್ಯದ ಸಂಗತಿಗಳನ್ನು ನಮ್ಮ ನಿಮ್ಮಂತೆ ಮಾತನಾಡುತ್ತಿದ್ದ ಆ ಪಾತ್ರದ ಹಿಂದೆ ಇದ್ದವರು ರಂಗಕರ್ಮಿ ಎ. ಎಸ್. ಮೂರ್ತಿ. ಕೇಳುಗರಿಗೆ ಅವರ ಮುಖ ತಿಳಿದಿರಲಿಲ್ಲ, ಈರಣ್ಣ ಮಾತ್ರ ಗೊತ್ತಿದ್ದ. ಕೊನೆಗೆ ಮೂರ್ತಿಯವರೇ ‘ರೇಡಿಯೋ ಈರಣ್ಣ’ ಎನಿಸಿಕೊಂಡರು. 2012ರಲ್ಲಿ ಅವರು ತೀರಿಕೊಂಡಾಗಲೂ ಜನ ಆ ಹೆಸರಿನಿಂದಲೇ ನೆನೆದರು. ಪಾತ್ರವೇ ಮನುಷ್ಯನಿಗೆ ಹೆಸರು ಕೊಟ್ಟ ಪರಿ ಇದು.

ವಾಲಿಯ ಪ್ರಶ್ನೆ

ರೇಡಿಯೋಗಿಂತ ಬಹಳ ಹಳೆಯದು ತಾಳಮದ್ದಳೆ. ಬಳ್ಳಾರಿ ಸೀಮೆಯ ಕುರುಗೋಡಿನಲ್ಲಿ ಸಿಕ್ಕ 1556ರ ಶಾಸನದಲ್ಲಿ ತಾಳಮದ್ದಳೆಯ ಉಲ್ಲೇಖವಿದೆ ಎಂದು ವಿದ್ವಾಂಸರು ಹೇಳುತ್ತಾರೆ. ಇಲ್ಲಿ ಗೆಜ್ಜೆಯಿಲ್ಲ, ಬಣ್ಣವಿಲ್ಲ. ಭಾಗವತರು ಪದ್ಯ ಹಾಡುತ್ತಾರೆ. ಪಂಚೆ ಶಲ್ಯದಲ್ಲಿ ಕುಳಿತ ಅರ್ಥಧಾರಿಗಳು ರಾಮನಾಗಿ, ರಾವಣನಾಗಿ ಮಾತಾಡುತ್ತಾರೆ. ಮಾತು ಬರೆದಿಟ್ಟದ್ದಲ್ಲ, ಆ ಕ್ಷಣದಲ್ಲಿ ಹುಟ್ಟಿದ್ದು. ಕರಾವಳಿಯಲ್ಲೂ ಘಟ್ಟದ ಮೇಲಿನ ಮಲೆನಾಡಿನಲ್ಲೂ ಮೇಳಗಳ ತಿರುಗಾಟ ನಿಂತ ಮಳೆಗಾಲವೇ ಇದಕ್ಕೆ ಸುಗ್ಗಿ.

ಅಭಿಮಾನಿಗಳೇನು ಕಡಿಮೆಯಿದ್ದರೆ? ಶೇಣಿ ಗೋಪಾಲಕೃಷ್ಣ ಭಟ್ಟರ ವಾಲಿ, ರಾವಣರನ್ನು ಕೇಳಲು ಜನ ಮೈಲಿಗಟ್ಟಲೆ ನಡೆದು ಬರುತ್ತಿದ್ದರು. ಮಲ್ಪೆಯ ಸಾಮಗ ಸಹೋದರರಿಗೆ, ಅಂದರೆ ಶಂಕರನಾರಾಯಣ ಸಾಮಗ ಮತ್ತು ರಾಮದಾಸ ಸಾಮಗರಿಗೆ, ಅವರದ್ದೇ ಬಳಗವಿತ್ತು. ಯಾರ ವಾದ ಮೇಲು ಎಂಬ ಜಗಳ ಮರುದಿನದ ಅಡಿಕೆ ಸುಲಿಯುವ ಚಪ್ಪರದಲ್ಲೂ ಮುಂದುವರಿಯುತ್ತಿತ್ತು.

ವರ್ತಮಾನದ ಸುದ್ದಿ ಇಲ್ಲಿ ಪುರಾಣದ ಬಾಯಿಂದಲೇ ಬರುತ್ತಿತ್ತು. ‘ಕೃಷ್ಣ ಸಂಧಾನ’ದಲ್ಲಿ ಯುದ್ಧ ಬೇಕೇ, ಒಪ್ಪಂದ ಬೇಕೇ ಎಂಬ ಮಾತು ಬಂದರೆ ಕೇಳುಗರಿಗೆ ತಮ್ಮ ಕಾಲದ ಯುದ್ಧವೂ ನೆನಪಾಗುತ್ತಿತ್ತು. ಮಾತಿನ ಈ ಬಲ ವಿಧಾನಸಭೆಯನ್ನೂ ಮುಟ್ಟಿತು. ಹೆಸರಾಂತ ಅರ್ಥಧಾರಿ ಕುಂಬ್ಳೆ ಸುಂದರ ರಾವ್ 1994ರಲ್ಲಿ ಸುರತ್ಕಲ್ ಕ್ಷೇತ್ರದಿಂದ ಶಾಸಕರಾಗಿ ಆರಿಸಿ ಬಂದರು.

ಹಾಗಿದ್ದರೆ ಹಳೆಯ ಜಗಲಿಗೂ ಹೊಸ ಪರದೆಗೂ ವ್ಯತ್ಯಾಸವೇ ಇಲ್ಲವೇ? ಇದೆ. ಒಂದು, ಒಡೆತನದ್ದು. ವಾಲಿ ಯಾವ ಕಂಪನಿಯ ಆಸ್ತಿಯೂ ಅಲ್ಲ. ಶೇಣಿಯವರು 2006ರಲ್ಲಿ ತೀರಿಕೊಂಡರೂ ವಾಲಿ ಉಳಿದ. ಸಂಸ್ಥೆಗಳ ಚಿತ್ರದ ಪಾತ್ರ ಹಾಗಲ್ಲ. ಕಲಾವಿದರು ಹೊರಟರೆ ಹೆಸರು, ಮುಖ ಎರಡೂ ಸಂಸ್ಥೆಯಲ್ಲೇ ಉಳಿಯುತ್ತವೆ. ಅಭಿಮಾನಿಗೆ ಉಳಿಯುವುದು ನೆನಪು ಮಾತ್ರ.

ಎರಡನೆಯದು ಇನ್ನೂ ಮುಖ್ಯ. ತಾಳಮದ್ದಳೆಯಲ್ಲಿ ಒಬ್ಬನೇ ಮಾತಾಡಿ ಎದ್ದು ಹೋಗುವಂತಿಲ್ಲ, ಎದುರಿಗೆ ಇನ್ನೊಬ್ಬ ಅರ್ಥಧಾರಿ ಕುಳಿತಿರುತ್ತಾನೆ. ಮರದ ಮರೆಯಿಂದ ಬಾಣ ಬಿಟ್ಟ ರಾಮನನ್ನು, ನೆಲಕ್ಕೊರಗಿದ ವಾಲಿ ಕೇಳುತ್ತಾನೆ: ಎದುರಿಗೆ ಬಾರದೆ ಮರೆಯಲ್ಲಿ ನಿಂತು ಹೊಡೆದದ್ದು ಯಾವ ನ್ಯಾಯ? ದೇವರೆಂದು ಕೈಮುಗಿಯುವ ರಾಮನೂ ಸಭೆಯ ಮುಂದೆ ಇದಕ್ಕೆ ಉತ್ತರ ಹೇಳಲೇಬೇಕು. ಉತ್ತರ ಸಪ್ಪೆಯಾದರೆ ಕೇಳುಗರು ವಾಲಿಯ ಪಕ್ಷ ವಹಿಸುತ್ತಾರೆ. ವೇಷ ತಪ್ಪಲ್ಲ, ಉತ್ತರ ಕೊಡದಿರುವುದು ತಪ್ಪು ಎಂಬುದು ಆ ಜಗಲಿಯ ಕಟ್ಟುಪಾಡು.

2020ರಲ್ಲಿ ಕೊರೊನಾದಿಂದ ಮೇಳಗಳ ತಿರುಗಾಟ ಅರ್ಧಕ್ಕೇ ನಿಂತಾಗ ತಾಳಮದ್ದಳೆಯೂ ಯೂಟ್ಯೂಬ್ ಏರಿತು. ಅಜ್ಜಂದಿರು ಮೊಮ್ಮಕ್ಕಳ ಫೋನಿನಲ್ಲಿ ಪ್ರಸಂಗ ಕೇಳಿದರು. ಪರದೆ ಬದಲಾದರೂ ಎದುರು ಅರ್ಥಧಾರಿ ಇದ್ದೇ ಇದ್ದ.

ಆ ಸಂಜೆ ಹೋಟೆಲಿನಲ್ಲಿ ಹುಡುಗನೊಬ್ಬ ಫೋನಿನಿಂದ ತಲೆಯೆತ್ತಿದ. ‘ಹೆಬ್ಬಾಳೆ ಸೇತುವೆ ಕೊಚ್ಚಿ ಹೋಯ್ತಂತೆ, ಗ್ರೂಪಿನಲ್ಲಿ ಬಂದಿದೆ’ ಎಂದ. ಹೋಟೆಲ್ ಒಮ್ಮೆ ಸ್ತಬ್ಧವಾಯಿತು. ಆಚೆ ದಡದಲ್ಲಿ ಮನೆ ಇದ್ದವರೊಬ್ಬರು ಕಾಫಿ ಲೋಟ ಕೆಳಗಿಟ್ಟು ಎದ್ದು ನಿಂತರು.

‘ಯಾರು ಹೇಳಿದ್ದು?’ ಎಂದು ಯಜಮಾನರು ಕೇಳಿದರು.

ಹುಡುಗ ಪರದೆ ನೋಡಿದ. ಅಲ್ಲಿದ್ದದ್ದು ಒಂದು ಅಡ್ಡಹೆಸರು, ಒಂದು ಚಿತ್ರದ ಮುಖ. ‘ಗೊತ್ತಿಲ್ಲ ಭಟ್ರೇ’ ಎಂದ. ಸ್ವಲ್ಪ ತಡೆದು, ‘ಕೇಳ್ತೇನೆ’ ಎಂದು ಟೈಪ್ ಮಾಡತೊಡಗಿದ. ಬಹಳ ಹೊತ್ತು ಉತ್ತರ ಬರಲಿಲ್ಲ. ಮರುದಿನ ಬೆಳಿಗ್ಗೆ ನೀರು ಇಳಿದಾಗ ಸೇತುವೆ ಇದ್ದಲ್ಲೇ ಇತ್ತು, ಮೇಲೆ ಒಂದಿಷ್ಟು ಕೆಸರು, ಕಸಕಡ್ಡಿ ಅಷ್ಟೇ.

ಚಿತ್ರದ ಮುಖವನ್ನು ಮೆಚ್ಚುವ ಹುಡುಗರನ್ನು ಹಿರಿಯರು ಹಂಗಿಸಬೇಕಾಗಿಲ್ಲ; ಅವರ ಅಜ್ಜಂದಿರೂ ಈರಣ್ಣನನ್ನು ಮೆಚ್ಚಿದವರೇ. ಹಳೆಯ ಜಗಲಿಯಿಂದ ಹೊಸ ಕೂಟಕ್ಕೆ ದಾಟಿಸಬೇಕಾದದ್ದು ವಾಲಿಯ ಆ ಒಂದು ಪ್ರಶ್ನೆ. ಅದನ್ನು ಕೇಳುವ ಧೈರ್ಯವಿದ್ದರೆ ಮರೆಯ ದನಿ ಎಷ್ಟೇ ಇಂಪಾಗಿದ್ದರೂ ಭಯವಿಲ್ಲ.