ಸಾವಿಗೂ ತುಂಡಾಗದ ನಂಟು: ಸಂತರ ಅನ್ಯೋನ್ಯತೆಯ ವಿಶ್ವಾಸ ಬೆಳೆದು ಬಂದ ಹಾದಿ

ಕಥೋಲಿಕ ಕ್ರೈಸ್ತರು ಹೇಳುವ ಪ್ರೇಷಿತರ ವಿಶ್ವಾಸ ಸಂಗ್ರಹದಲ್ಲಿ ಧರ್ಮಸಭೆಯ ಬೆನ್ನಿಗೇ ಸಂತರ ಅನ್ಯೋನ್ಯತೆಯ ಮಾತು ಬರುತ್ತದೆ. ದೇವರ ಸನ್ನಿಧಿ ಸೇರಿದವರು, ಸತ್ತ ಮೇಲೆ ಶುದ್ಧಿ ಹೊಂದುತ್ತಿರುವವರು, ಇನ್ನೂ ಇಹಲೋಕದಲ್ಲಿ ಬಾಳುತ್ತಿರುವವರು, ಈ ಮೂರೂ ಬಳಗದವರು ಕ್ರಿಸ್ತನಲ್ಲಿ ಒಂದೇ ಕುಟುಂಬ. ಸಾವು ಆ ನಂಟನ್ನು ಕಡಿಯಲಾರದು ಎಂಬುದು ಅದರ ತಿರುಳು. ಬದುಕಿರುವವರು ಮೃತರಿಗಾಗಿ ಪ್ರಾರ್ಥಿಸುತ್ತಾರೆ, ಸಂತರು ಬದುಕಿರುವವರಿಗಾಗಿ ದೇವರಲ್ಲಿ ಬಿನ್ನವಿಸುತ್ತಾರೆ. ಟೀಕಾಕಾರರು ಇದನ್ನು ಮಧ್ಯಯುಗದ ಪಾದ್ರಿಗಳು ಕಟ್ಟಿದ ವ್ಯವಸ್ಥೆ ಎನ್ನುತ್ತಾರೆ. ಸಮರ್ಥಕರಲ್ಲಿ ಕೆಲವರು ಮೊದಲ ದಿನದಿಂದಲೂ ಇದು ಈಗಿನ ರೂಪದಲ್ಲೇ ಇತ್ತೆಂದು ವಾದಿಸುತ್ತಾರೆ. ಎರಡಕ್ಕೂ ಚರಿತ್ರೆಯ ಬೆಂಬಲವಿಲ್ಲ. ದಾಖಲೆಗಳನ್ನು ಕಾಲಕ್ರಮದಲ್ಲಿಟ್ಟು ನೋಡಿದರೆ ಆಚರಣೆ ಮೊದಲು ಹುಟ್ಟಿತು, ಸಿದ್ಧಾಂತ ಆಮೇಲೆ ಬಂತು. ನಂಟು ಲೆಕ್ಕಾಚಾರಕ್ಕೆ ಇಳಿದಾಗಲೆಲ್ಲ ವಿಶ್ವಾಸ ಕೆಟ್ಟಿತು, ಮರಳಿ ನಂಟಿನ ಕಡೆ ತಿರುಗಿದಾಗಲೆಲ್ಲ ಚೇತರಿಸಿಕೊಂಡಿತು.

ಇದರ ಬೀಜ ಬೈಬಲ್ಲಿನಲ್ಲಿದೆ. ಕೊರಿಂಥದವರಿಗೆ ಬರೆದ ಮೊದಲ ಪತ್ರದ 12ನೇ ಅಧ್ಯಾಯದಲ್ಲಿ ಸಂತ ಪೌಲರು ವಿಶ್ವಾಸಿಗಳನ್ನು ಒಂದೇ ದೇಹದ ಅಂಗಗಳೆಂದು ಕರೆದರು. ಒಂದು ಅಂಗ ನೊಂದರೆ ಉಳಿದವೂ ನೋಯುತ್ತವೆ. ಅದಕ್ಕೂ ಮುಂಚೆ, ಎರಡನೇ ಮಕ್ಕಬಿಯರ ಗ್ರಂಥದಲ್ಲಿ, ಯೂದ ಮಕ್ಕಬಿ ಯುದ್ಧದಲ್ಲಿ ಮಡಿದ ಸೈನಿಕರ ಪಾಪಪರಿಹಾರದ ಬಲಿಗಾಗಿ ಸುಮಾರು 2000 ಬೆಳ್ಳಿ ದ್ರಾಕ್ಮಗಳನ್ನು ಒಟ್ಟುಗೂಡಿಸಿ ಜೆರುಸಲೇಮಿಗೆ ಕಳುಹಿಸಿದ. ಕ್ರೈಸ್ತರ ಆಚರಣೆಗೆ ಸಾಕ್ಷ್ಯ ಎರಡನೇ ಶತಮಾನದಿಂದಲೇ ಸಿಗುತ್ತದೆ. ಸ್ಮಿರ್ನದ ಧರ್ಮಾಧ್ಯಕ್ಷ ಪಾಲಿಕಾರ್ಪ್ ರಕ್ತಸಾಕ್ಷಿಯಾದಾಗ ಅಲ್ಲಿನ ಸಭೆ ಅವರ ಅಸ್ಥಿಗಳನ್ನು ಆಯ್ದಿಟ್ಟು, ಮರಣದ ದಿನವನ್ನು ಹುಟ್ಟುಹಬ್ಬವೆಂದು ಕೊಂಡಾಡಲು ನಿಶ್ಚಯಿಸಿತು. ಆರಾಧನೆ ಕ್ರಿಸ್ತನಿಗೆ, ರಕ್ತಸಾಕ್ಷಿಗಳಿಗೆ ಪ್ರೀತಿ ಎಂಬ ಭೇದವನ್ನು ಆ ಸಭೆಯ ಪತ್ರವೇ ತಿಳಿಯಾಗಿ ಹೇಳುತ್ತದೆ. 1883ರಲ್ಲಿ ವಿಲಿಯಂ ರಾಮ್ಸೆ ಇಂದಿನ ಟರ್ಕಿಯಲ್ಲಿ ಪತ್ತೆಹಚ್ಚಿದ ಅಬೆರ್ಸಿಯಸನ ಸಮಾಧಿ ಶಾಸನ, ಓದಿ ಅರ್ಥಮಾಡಿಕೊಂಡವರು ತನಗಾಗಿ ಪ್ರಾರ್ಥಿಸಲಿ ಎಂದು ಕೋರುತ್ತದೆ. ರೋಮಿನ ಸಂತ ಸೆಬಾಸ್ಟಿಯನ್ ನೆಲಮಾಳಿಗೆ ಸಮಾಧಿಗಳಲ್ಲಿ ಮೂರನೇ ಶತಮಾನದ ಸಾಮಾನ್ಯ ಜನ ಪೇತ್ರ ಮತ್ತು ಪೌಲರಿಗೆ ಬಿನ್ನಹಗಳನ್ನು ಗೋಡೆಯ ಗಾರೆಯಲ್ಲಿ ಕೆತ್ತಿದ್ದಾರೆ. ಇವು ಯಾವ ಮಹಾಸಭೆಯ ಆಜ್ಞೆಯಿಂದಲೂ ಹುಟ್ಟಿದವಲ್ಲ.

ಈ ಸಾಕ್ಷ್ಯಗಳ ಪೈಕಿ ಅತ್ಯಂತ ಆಪ್ತವಾದುದು ಕಾರ್ತೇಜಿನ ಸೆರೆಮನೆಯದು. 203ರಲ್ಲಿ ಮರಣದಂಡನೆಗೆ ಕಾಯುತ್ತಿದ್ದ ಪರ್ಪೆತುವ ಎಂಬ ಇಪ್ಪತ್ತೆರಡರ ಆಸುಪಾಸಿನ ತಾಯಿ ಬರೆದಿಟ್ಟ ಟಿಪ್ಪಣಿಯಲ್ಲಿ, ಏಳನೇ ವಯಸ್ಸಿನಲ್ಲಿ ಮುಖದ ಹುಣ್ಣಿನಿಂದ ಸತ್ತ ತಮ್ಮ ದಿನೊಕ್ರಾತಿಸ್ ಕನಸಿಗೆ ಬರುತ್ತಾನೆ. ಬಾಯಾರಿದ್ದಾನೆ, ನೀರಿನ ತೊಟ್ಟಿಯಿದೆ, ಆದರೆ ಅದರ ಅಂಚು ಅವನ ಎತ್ತರ ಮೀರಿದೆ. ಅಕ್ಕ ಹಗಲಿರುಳು ಅತ್ತು ಪ್ರಾರ್ಥಿಸುತ್ತಾಳೆ. ಮುಂದೆ ಕಂಡ ಕನಸಿನಲ್ಲಿ ತೊಟ್ಟಿಯ ಅಂಚು ಹುಡುಗನ ಹೊಕ್ಕುಳ ಮಟ್ಟಕ್ಕೆ ಇಳಿದಿದೆ, ಹುಣ್ಣಿದ್ದಲ್ಲಿ ಕಲೆ ಮಾತ್ರ ಉಳಿದಿದೆ, ಚಿನ್ನದ ಬಟ್ಟಲಲ್ಲಿ ಕುಡಿದು ಅವನು ಆಟಕ್ಕೆ ಓಡುತ್ತಾನೆ. ಇದರಿಂದ ಪರಲೋಕದ ನಕ್ಷೆ ಬರೆಯಲಾಗದು. ಶುದ್ಧೀಕರಣದ ಸಿದ್ಧಾಂತ ಇನ್ನೂ ರೂಪುಗೊಳ್ಳದ ಕಾಲದಲ್ಲೇ ತನ್ನ ಪ್ರಾರ್ಥನೆ ಸತ್ತ ತಮ್ಮನಿಗೆ ಮುಟ್ಟುತ್ತದೆಂದು ಒಬ್ಬ ಹೆಣ್ಣುಮಗಳು ದೃಢವಾಗಿ ನಂಬಿದ್ದಳು ಎಂಬುದಂತೂ ಇದರಿಂದ ಸ್ಪಷ್ಟವಾಗುತ್ತದೆ.

ಇದು ರೋಮನ್ನರ ಪಿತೃಪೂಜೆಯ ಮುಂದುವರಿಕೆ ಎಂಬ ಆಕ್ಷೇಪ ಹಳೆಯದು, ತೂಕವುಳ್ಳದ್ದು. ಸಮಾಧಿಗಳ ಬಳಿ ಊಟ ಇಡುವ ರೂಢಿಯನ್ನು ಕ್ರೈಸ್ತರೂ ಉಳಿಸಿಕೊಂಡಿದ್ದರು. ಸಂತ ಅಗಸ್ಟೀನರ ತಾಯಿ ಮೋನಿಕ ಆಫ್ರಿಕದ ಪದ್ಧತಿಯಂತೆ ಮಿಲಾನಿನಲ್ಲೂ ಅಂಬಲಿ, ರೊಟ್ಟಿ, ದ್ರಾಕ್ಷಾರಸ ಹೊತ್ತು ರಕ್ತಸಾಕ್ಷಿಗಳ ಸಮಾಧಿಗೆ ಹೋದರು. ಪಿತೃಹಬ್ಬದ ಹೋಲಿಕೆಯ ಕಾರಣಕ್ಕೆ ಧರ್ಮಾಧ್ಯಕ್ಷ ಅಂಬ್ರೋಸ್ ಇದನ್ನು ನಿಷೇಧಿಸಿದ್ದಾರೆಂದು ಬಾಗಿಲು ಕಾಯುವವನು ತಡೆದ. ಮೋನಿಕ ಒಪ್ಪಿ, ತಮ್ಮಿಂದಾದುದನ್ನು ಬಡವರಿಗೆ ಕೊಟ್ಟರು. ಧರ್ಮಸಭೆ ಹಳೆಯ ರೂಢಿಯನ್ನು ಕಣ್ಣುಮುಚ್ಚಿ ನುಂಗಲಿಲ್ಲ, ಸೋಸಿ ತೆಗೆದುಕೊಂಡಿತು ಎನ್ನಲು ಈ ಪ್ರಸಂಗ ಸಾಕು. 387ರಲ್ಲಿ ಓಸ್ತಿಯದಲ್ಲಿ ಸಾಯುವಾಗ ಅದೇ ಮೋನಿಕ, ದೇಹವನ್ನು ಎಲ್ಲಾದರೂ ಹೂಳಿ, ಬಲಿಪೀಠದ ಬಳಿ ಮಾತ್ರ ನನ್ನನ್ನು ನೆನೆಯಿರಿ ಎಂದು ಮಕ್ಕಳನ್ನು ಕೇಳಿಕೊಂಡರು. ಸಂತರ ಸಮಾಧಿಯ ಪಕ್ಕ ಹೂಳಿದರೆ ಲಾಭವಿದೆಯೇ ಎಂದು ನೋಲದ ಪೌಲಿನಸ್ ಕೇಳಿದ ಪ್ರಶ್ನೆಗೆ ಅಗಸ್ಟೀನರು ಕೊಟ್ಟ ಉತ್ತರವೂ ಇದೇ ಜಾಡಿನದು: ಸ್ಥಳದಿಂದ ಮೃತರಿಗೆ ಪ್ರಯೋಜನವಿಲ್ಲ, ಆ ಸ್ಥಳ ನೋಡಿ ಬದುಕಿರುವವರು ಮಾಡುವ ಪ್ರಾರ್ಥನೆಯಿಂದ ಪ್ರಯೋಜನವಿದೆ.

ಅಗಸ್ಟೀನರ ಕಾಲದಿಂದ ಮುಂದೆ ಆಚರಣೆಗೆ ಪಂಚಾಂಗವೂ ಸಂಸ್ಥೆಯೂ ಒದಗಿದವು. ರೆಮೆಸಿಯಾನದ ಧರ್ಮಾಧ್ಯಕ್ಷ ನಿಸೇತ ವಿಶ್ವಾಸ ಸಂಗ್ರಹಕ್ಕೆ ಬರೆದ ವಿವರಣೆಯಲ್ಲಿ ಪಿತೃಪ್ರಧಾನರು, ಪ್ರವಾದಿಗಳು, ರಕ್ತಸಾಕ್ಷಿಗಳು, ಇನ್ನು ಮುಂದೆ ಬರುವ ನೀತಿವಂತರು ಎಲ್ಲರೂ ಸೇರಿ ಒಂದೇ ಸಭೆ ಎಂದರು. 609ರಲ್ಲಿ ರೋಮಿನ ಪ್ಯಾಂಥಿಯನ್ ದೇಗುಲ ಮಾತೆ ಮರಿಯಳಿಗೂ ರಕ್ತಸಾಕ್ಷಿಗಳಿಗೂ ಮುಡಿಪಾಯಿತು. ಕ್ಲೂನಿ ಮಠದ ಅಧಿಪತಿ ಓಡಿಲೊ ನವೆಂಬರ್ 2ನ್ನು ಸಕಲ ಮೃತರ ಸ್ಮರಣೆಗೆ ಗೊತ್ತುಮಾಡಿದರು. ಹೆಸರು ಹೇಳುವವರಿಲ್ಲದ ಸತ್ತವರಿಗೂ ಪ್ರಾರ್ಥನೆಯಲ್ಲಿ ಪಾಲು ದೊರೆಯಿತು. ಫ್ರೆಂಚ್ ಇತಿಹಾಸಕಾರ ಜಾಕ್ ಲ ಗಾಫ್ 1981ರ ತಮ್ಮ ಕೃತಿಯಲ್ಲಿ, ಶುದ್ಧೀಕರಣಕ್ಕೆ ಪ್ರತ್ಯೇಕ ಸ್ಥಳವೊಂದಿದೆ ಎಂಬ ಕಲ್ಪನೆ 12ನೇ ಶತಮಾನದ ಕೊನೆಯಲ್ಲಿ ಗಟ್ಟಿಯಾಯಿತೆಂದು ತೋರಿಸಿದರು. ಸ್ಥಳದ ಮಟ್ಟಿಗೆ ಅವರ ವಾದ ಒಪ್ಪತಕ್ಕದ್ದೇ. ಆದರೆ ಮೃತರಿಗಾಗಿ ಪ್ರಾರ್ಥನೆ ಅದಕ್ಕಿಂತ ಸಾವಿರ ವರ್ಷ ಹಿರಿದು. ಸ್ಥಳ ಬಂದ ಮೇಲೆ ಕಾಲದ ಅಳತೆ ಬಂತು, ಅಳತೆ ಬಂದ ಮೇಲೆ ಬೆಲೆ ಬಂತು. 1343ರಲ್ಲಿ ಪೋಪ್ ಆರನೇ ಕ್ಲೆಮೆಂಟ್ ಕ್ರಿಸ್ತನ ಹಾಗೂ ಸಂತರ ಪುಣ್ಯದ ಭಂಡಾರವನ್ನು ಬೋಧಿಸಿದರು. 1476ರಲ್ಲಿ ನಾಲ್ಕನೇ ಸಿಕ್ಸ್ಟಸ್, ಪಾಪದ ಶಿಕ್ಷೆಯನ್ನು ಮನ್ನಿಸುವ ಕ್ಷಮಾಪತ್ರಗಳ ಫಲವನ್ನು ಮೃತರಿಗೂ ವಿಸ್ತರಿಸಿದರು. ಅನ್ಯೋನ್ಯತೆ ಅಂಗಡಿಯ ಖಾತೆ ಪುಸ್ತಕವಾಯಿತು.

1517ರಲ್ಲಿ ಮಾರ್ಟಿನ್ ಲೂಥರ್ ಎತ್ತಿದ ಪ್ರಶ್ನೆಗಳಲ್ಲಿ ಒಂದು ಬಹಳ ಹರಿತವಾದುದು: ಪೋಪರಿಗೆ ಆತ್ಮಗಳನ್ನು ಬಿಡಿಸುವ ಅಧಿಕಾರವಿದ್ದರೆ ಹಣಕ್ಕಾಗಿ ಏಕೆ, ಪ್ರೀತಿಯಿಂದಲೇ ಎಲ್ಲರನ್ನೂ ಬಿಡಿಸಬಾರದೇಕೆ?  1563ರ ಡಿಸೆಂಬರಿನಲ್ಲಿ ಟ್ರೆಂಟ್ ಮಹಾಸಭೆ ಮೂಲ ವಿಶ್ವಾಸವನ್ನು ಎತ್ತಿಹಿಡಿಯಿತು. ಜೊತೆಗೆ ಮೂಢನಂಬಿಕೆಗೂ ಕೊಳಕು ಲಾಭಕ್ಕೂ ದಾರಿಮಾಡುವುದನ್ನು ನಿಷೇಧಿಸಬೇಕೆಂದು ಧರ್ಮಾಧ್ಯಕ್ಷರಿಗೆ ವಿಧಿಸಿತು. ಕ್ರಿಸ್ತನೊಬ್ಬನೇ ಮಧ್ಯಸ್ಥನಾಗಿರುವಾಗ ಸಂತರ ಬಿನ್ನಹ ಏಕೆ ಎಂಬ ಸುಧಾರಕರ ಆಕ್ಷೇಪ ಇವತ್ತಿಗೂ ಕೇಳಿಬರುತ್ತದೆ. ಆದರೆ ಬದುಕಿರುವ ನೆರೆಯವರನ್ನು ನಮಗಾಗಿ ಪ್ರಾರ್ಥಿಸಿ ಎಂದು ಕೇಳಿಕೊಳ್ಳುವುದರಿಂದ ಕ್ರಿಸ್ತನ ಮಧ್ಯಸ್ಥಿಕೆಗೆ ಕುಂದಿಲ್ಲವೆಂದು ಪ್ರೊಟೆಸ್ಟೆಂಟರೂ ಒಪ್ಪುತ್ತಾರೆ. ಕ್ರಿಸ್ತನಲ್ಲಿ ಸತ್ತವರು ಅವನಲ್ಲೇ ಜೀವಂತರಾಗಿದ್ದಾರೆ ಎಂದ ಮೇಲೆ ಅವರ ಪ್ರಾರ್ಥನೆಯಿಂದ ಕುಂದು ಬರುವುದು ಹೇಗೆ? ಅವರಿಗೆ ನಮ್ಮ ಮೊರೆ ಕೇಳಿಸುತ್ತದೆಯೇ ಎಂಬುದು ಹೆಚ್ಚು ಕಠಿಣ ಪ್ರಶ್ನೆ. ಅಗಸ್ಟೀನರೇ ಇದರಲ್ಲಿ ತಡವರಿಸಿದ್ದರು. ಸಂತರಿಗೆ ತಿಳಿಯುವುದೇನಿದ್ದರೂ ದೇವರ ಮೂಲಕವೇ ಎಂಬ ಕಥೋಲಿಕ ಉತ್ತರ ಸತ್ತವರೊಡನೆ ಮಾತಾಡಿಸುವ ಮಾಟಮಂತ್ರದಿಂದ ಈ ವಿಶ್ವಾಸವನ್ನು ಸ್ಪಷ್ಟವಾಗಿ ಬೇರ್ಪಡಿಸುತ್ತದೆ.

ಇಪ್ಪತ್ತನೇ ಶತಮಾನ ಮತ್ತೆ ಪೌಲರ ದೇಹದ ಚಿತ್ರಕ್ಕೆ ಮರಳಿತು. 1943ರಲ್ಲಿ ಹನ್ನೆರಡನೇ ಪಿಯುಸ್ ಧರ್ಮಸಭೆಯನ್ನು ಕ್ರಿಸ್ತನ ನಿಗೂಢ ದೇಹವೆಂದು ವಿವರಿಸಿದರು. 1964ರಲ್ಲಿ ಎರಡನೇ ವ್ಯಾಟಿಕನ್ ಮಹಾಸಭೆ, ನಿದ್ರಿಸಿದ ಸೋದರರೊಡನೆ ನಮ್ಮ ಐಕ್ಯ ಕಡಿಯುವುದಿಲ್ಲ, ಬದಲಾಗಿ ಬಲಗೊಳ್ಳುತ್ತದೆ ಎಂದು ಸಾರಿತು. ಅತಿರೇಕಗಳನ್ನು ತಿದ್ದಬೇಕೆಂದೂ ಹೇಳಿತು. 1967ರಲ್ಲಿ ಆರನೇ ಪೌಲ್ ಕ್ಷಮಾಪತ್ರಗಳಿಗೆ ಅಂಟಿದ್ದ ದಿನ, ವರ್ಷಗಳ ಲೆಕ್ಕವನ್ನೇ ತೆಗೆದುಹಾಕಿದರು. 2023ರಲ್ಲಿ ಪೋಪ್ ಫ್ರಾನ್ಸಿಸ್, 2015ರಲ್ಲಿ ಲಿಬಿಯದಲ್ಲಿ ಕೊಲೆಯಾದ 21 ಮಂದಿ ಕೋಪ್ಟಿಕ್ ರಕ್ತಸಾಕ್ಷಿಗಳನ್ನು ರೋಮನ್ ರಕ್ತಸಾಕ್ಷಿಗಳ ಪಟ್ಟಿಗೆ ಸೇರಿಸಿದರು. ರೋಮಿನ ಅಧಿಕಾರದ ಹೊರಗಿದ್ದು ಸತ್ತವರೂ ಹೀಗೆ ಅನ್ಯೋನ್ಯತೆಯ ಒಳಗೆ ನಿಂತರು.

ಇತರ ಸಂಸ್ಕೃತಿಗಳ ಪಿತೃಭಕ್ತಿಯನ್ನು ಹೇಗೆ ಕಾಣಬೇಕೆಂಬುದು ಧರ್ಮಸಭೆಗೆ ಸುಲಭದ ಪಾಠವಾಗಿರಲಿಲ್ಲ. ಚೀನೀ ಕ್ರೈಸ್ತರ ಪೂರ್ವಜ ಗೌರವ ವಿಧಿಗಳನ್ನು 1742ರಲ್ಲಿ ಕಟ್ಟುನಿಟ್ಟಾಗಿ ನಿಷೇಧಿಸಿದ ರೋಮ್, 1939ರಲ್ಲಿ ಅವುಗಳಲ್ಲಿ ಹಲವನ್ನು ಅನುಮತಿಸಿತು. ಸುಮಾರು ಎರಡು ಶತಮಾನಗಳ ಆ ಬಿಗಿತದಿಂದ ಆದ ನಷ್ಟ ದೊಡ್ಡದು. ಕರ್ನಾಟಕದಲ್ಲಿ, ಅದರಲ್ಲೂ ಮಂಗಳೂರು, ಉಡುಪಿಯ ಕರಾವಳಿಯಲ್ಲಿ, ನವೆಂಬರ್ 2ರಂದು ಸಮಾಧಿಗಳನ್ನು ತೊಳೆದು, ಹೂವಿಟ್ಟು, ಮೇಣದ ಬತ್ತಿ ಹಚ್ಚುತ್ತಾರೆ. ಗುರುಗಳು ತೀರ್ಥ ಚಿಮುಕಿಸಿ ಪ್ರಾರ್ಥಿಸುತ್ತಾರೆ. ಹೊರನೋಟಕ್ಕೆ ಶ್ರಾದ್ಧದ ನೆನಪು ತರುವ ಈ ಆಚರಣೆಯಲ್ಲಿ ಮೃತರಿಗೆ ಅರ್ಪಣೆಯಿಲ್ಲ, ಮೃತರಿಗಾಗಿ ದೇವರಲ್ಲಿ ಮೊರೆಯಿದೆ. ಆ ದಿನ ಸ್ಮಶಾನಕ್ಕೆ ಹೋಗುವವರು ಇಷ್ಟನ್ನು ಮನಸ್ಸಿನಲ್ಲಿಟ್ಟುಕೊಳ್ಳಬೇಕು: ಮಾಡಿಸಿದ ಬಲಿಪೂಜೆಗಳ ಸಂಖ್ಯೆಯಿಂದ, ಸಮಾಧಿಯ ಅಮೃತಶಿಲೆಯ ಬೆಲೆಯಿಂದ ಮೃತರ ಗತಿಯನ್ನು ಅಳೆಯಬೇಡಿ. ನಿಮ್ಮವರ ಹೆಸರಿನ ಜೊತೆಗೆ, ನೆನೆಯುವವರೇ ಇಲ್ಲದವರಿಗಾಗಿಯೂ ಪ್ರಾರ್ಥಿಸಿ. ಮೋನಿಕ ಮಾಡಿದಂತೆ ಬದುಕಿರುವ ಬಡವರಿಗೂ ಒಂದು ಪಾಲು ಕೊಡಿ.