ರಾಣಿ ಹಚ್ಚಿಕೊಂಡಿದ್ದು ಯಾವ ಎಣ್ಣೆ?

ಬಸುರಿ ತಂಗಿಗೆ ಆಫೀಸಿನವರು ಯಾರೋ ಒಂದು ಪುಟ್ಟ ಬಾಟಲಿ ಉಡುಗೊರೆ ಕೊಟ್ಟರು. ಮೇಲೆ 'ಮಿರ್ ಎಸೆನ್ಷಿಯಲ್ ಆಯಿಲ್', ಕೆಳಗೆ 'ಈಜಿಪ್ಟಿನ ರಾಣಿಯರ ಶುದ್ಧ ತೈಲ'. "ಅಣ್ಣಾ, ಕಾಲು ಊದಿದೆ, ಹಚ್ಕೊಳ್ಳಲಾ?" ಅಂತ ಫೋನು. ತಡಿ ಮಾರಾಯ್ತಿ, ಮೊದಲು ಡಾಕ್ಟರಿಗೆ ತೋರಿಸು ಅಂದೆ. ರಾಣಿಯ ವಿಚಾರ ಹುಡುಕಿದ್ದು ಆಮೇಲೆ.

ಮಿರ್ ಅಂದರೆ ನಮ್ಮ ಗ್ರಂದಿಗೆ ಅಂಗಡಿಯ ರಕ್ತಬೋಳ. ಸೊಮಾಲಿಯಾ, ಇಥಿಯೋಪಿಯಾ, ಯೆಮೆನ್ ಕಡೆಯ ಒಣನೆಲದಲ್ಲಿ ಬೆಳೆಯುವ ಮುಳ್ಳುಗಿಡದ ಅಂಟು. ನಮ್ಮ ಗುಗ್ಗುಳದ ದಾಯಾದಿ. ಅರಬ್ಬಿಯಲ್ಲಿ 'ಮುರ್ರ್' ಅಂದರೇನೇ ಕಹಿ.

ಕ್ರಿ.ಪೂ. 15ನೇ ಶತಮಾನದಲ್ಲಿ ಈಜಿಪ್ಟನ್ನು ಆಳಿದ ಹ್ಯಾಟ್‌ಶೆಪ್‌ಸುಟ್, ಪುಂಟ್ ಎಂಬ ನಾಡಿಗೆ ಹಡಗು ಕಳಿಸಿದಳು. ದೇರ್ ಎಲ್ ಬಹ್ರಿಯಲ್ಲಿರುವ ಆಕೆಯ ದೇವಾಲಯದ ಗೋಡೆಯಲ್ಲಿ ಆ ಕಥೆ ಇಂದಿಗೂ ಇದೆ: ಬೇರುಸಮೇತ ಕಿತ್ತ ಗಿಡಗಳನ್ನು ಬುಟ್ಟಿಯಲ್ಲಿಟ್ಟು, ಕೋಲಿಗೆ ಕಟ್ಟಿ, ಆಳುಗಳು ಹೆಗಲ ಮೇಲೆ ಹೊತ್ತು ಹಡಗು ಹತ್ತುತ್ತಿದ್ದಾರೆ. ಅದು ಮಿರ್ ಗಿಡ ಅಂತ ಕೆಲವರು, ಅಲ್ಲ, ಫ್ರಾಂಕಿನ್ಸೆನ್ಸ್ ಅಂತ ಇನ್ನು ಕೆಲವರು ವಾದ ಮಾಡ್ತಾರೆ. ಏನೇ ಇರಲಿ, ಪರಿಮಳಕ್ಕಾಗಿ ಗಿಡವನ್ನೇ ಸಮುದ್ರ ದಾಟಿಸಿದ ಹಟ ನೋಡಿ!

ಮಿರ್ ಹೆಣ ಕೆಡದಂತೆ ಇಡುವುದಕ್ಕೂ ಬೇಕಿತ್ತು. ಹೊಟ್ಟೆಯೊಳಗೆ ಅರೆದ ಮಿರ್ ತುಂಬುತ್ತಿದ್ದರು ಅಂತ ಹೆರೊಡೋಟಸ್ ಬರೆದಿದ್ದಾನೆ. ಮೈಗೆ ಹಚ್ಚುವಾಗ ಮಾತ್ರ ಅಂಟನ್ನು ಎಣ್ಣೆಯಲ್ಲೋ ಕೊಬ್ಬಿನಲ್ಲೋ ನೆನೆಸಿಯೋ ಕಾಯಿಸಿಯೋ ಬಳಸುತ್ತಿದ್ದರು. ಗ್ರೀಕರ 'ಮೆಗಾಲಿಯೋನ್' ಎಂಬ ಸುಗಂಧದಲ್ಲೂ ಮಿರ್, ದಾಲ್ಚಿನ್ನಿ ಎಲ್ಲ ಬೇರೆ ಎಣ್ಣೆಯಲ್ಲಿ ಬೆರೆತಿದ್ದವು. ಅಂದರೆ ಅವರು ಹಚ್ಚಿಕೊಂಡಿದ್ದು ತೆಳುವಾದದ್ದು. ಹಬೆಯಲ್ಲಿ ಭಟ್ಟಿ ಇಳಿಸಿದ ಈ ಬಾಟಲಿಯ ಎಣ್ಣೆ ಬಂದದ್ದು ಎಷ್ಟೋ ಶತಮಾನ ಕಳೆದ ಮೇಲೆ. ನೂರು ಗ್ರಾಂ ಅಂಟಿಗೆ ಸಿಗುವುದು ಕೆಲವೇ ಗ್ರಾಂ ಎಣ್ಣೆ. ರಾಣಿಗೂ ಈ ಬಾಟಲಿಗೂ ಸಂಬಂಧ ಅಷ್ಟಕ್ಕಷ್ಟೆ.

ಹಾಗಂತ ಹಳಬರ ನಂಬಿಕೆ ಪೂರಾ ಪೊಳ್ಳಲ್ಲ. ಶಿಲುಬೆಗೇರಿಸುವ ಮುಂಚೆ ಯೇಸುವಿಗೆ ಮಿರ್ ಬೆರೆಸಿದ ದ್ರಾಕ್ಷಾರಸ ಕೊಡಲು ಬಂದರು, ಆತ ತೆಗೆದುಕೊಳ್ಳಲಿಲ್ಲ ಅಂತ ಮಾರ್ಕನ ಸುವಾರ್ತೆಯಲ್ಲಿದೆ. 1996ರಲ್ಲಿ ಇಟಲಿಯ ಸಂಶೋಧಕರು ಮಿರ್‌ನಲ್ಲಿರುವ ಕೆಲವು ಅಂಶಗಳು ಇಲಿಗಳಲ್ಲಿ ನೋವು ತಗ್ಗಿಸುವುದನ್ನು ಕಂಡು 'ನೇಚರ್' ಪತ್ರಿಕೆಯಲ್ಲಿ ಬರೆದರು. ಇಲಿಗಳಲ್ಲಿ, ನೆನಪಿರಲಿ.

ಮೈಮೇಲೆ ಕೆಲಸ ಮಾಡುವ ವಸ್ತು ಅಂದಮೇಲೆ ಹುಷಾರಾಗಿಯೂ ಇರಬೇಕಲ್ಲ. ಬಸುರಿಯರು, ಹಾಲೂಡಿಸುವವರು ಮುಟ್ಟದಿರುವುದೇ ಒಳ್ಳೆಯದು. ರಕ್ತ ತೆಳುವಾಗಿಸುವ ಮಾತ್ರೆ ತಗೊಳ್ಳುವವರು ವೈದ್ಯರನ್ನು ಕೇಳಬೇಕು. ಕುಡಿಯುವ ಮಾತೇ ಬೇಡ. ಉಳಿದವರು 30 ಮಿ.ಲೀ. ಕೊಬ್ಬರಿ ಎಣ್ಣೆಗೆ 3 ಹನಿ ಹಾಕಿ, ಮೊದಲು ಮುಂಗೈಗೆ ಚೂರು ಹಚ್ಚಿ ನೋಡಲಿ.

ವಾಸನೆ ಮೊದಲಿಗೆ ಔಷಧಿ ಅಂಗಡಿ, ಆಮೇಲೆ ಒದ್ದೆ ಮಣ್ಣು, ಅಣಬೆ, ಕೊನೆಗೆ ಸಣ್ಣ ಸಿಹಿ. ಒಂಟಿಯಾಗಿ ಎಲ್ಲರಿಗೂ ಹಿಡಿಸಲ್ಲ. ಕಿತ್ತಳೆ ಎಣ್ಣೆ ಜೊತೆ ಬೆರೆಸಿದರೆ ಬೆಳಗುತ್ತೆ, ಗಂಧದೆಣ್ಣೆ ಜೊತೆ ಇನ್ನೂ ಗಂಭೀರ. ಕಿತ್ತಳೆ ಬೇಗ ಹಾರಿಹೋಗುತ್ತೆ, ಮಿರ್ ಗಂಟೆಗಟ್ಟಲೆ ಕೂರುತ್ತೆ.

ತಂಗಿಗೆ ಡಾಕ್ಟರು ಬಿಪಿ ನೋಡಿ, ಕಾಲು ಎತ್ತರಕ್ಕಿಟ್ಟು ಮಲಗು ಅಂದರಂತೆ. ಬಾಟಲಿ ಈಗ ನನ್ನ ಮೇಜಿನ ಮೇಲಿದೆ. ಹಳತಾದಂತೆ ಗಟ್ಟಿಯಾಗುವುದು ಅದರ ಗುಣ. ಮುಚ್ಚಳ ಆಗಲೇ ಅಂಟಿಕೊಂಡಿದೆ.